ನಿವೃತ್ತಿಯ ನಂತರದ ಕಾಕ್‌ಪಿಟ್

ಕೇಳುಗರಿಗೆ ನಮಸ್ಕಾರ.

ಚಿಕ್ಕಬಳ್ಳಾಪುರ ಜಿಲ್ಲೆಯವರಾದ ನಮಗೆ ವಿಮಾನವೆಂದರೆ ಈಗ ತಲೆಯೆತ್ತಿ ನೋಡುವಂಥ ವಿಶೇಷವೇನಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದ ಮೇಲೆ ನಂದಿ ಬೆಟ್ಟದ ಆಸುಪಾಸಿನ ದ್ರಾಕ್ಷಿ ತೋಟದವರಿಗೂ ಆ ಸದ್ದು ರೂಢಿಯಾಗಿದೆ. ನಿಲ್ದಾಣಕ್ಕೆ ಹತ್ತಿರವೆಂದು ಈ ಕಡೆ ಮನೆ ಕಟ್ಟಿಕೊಂಡ ವೈಮಾನಿಕರೂ ಇದ್ದಾರೆ. ಅಂಥವರಲ್ಲಿ ಕೆಲವರು ವಿಮಾನಯಾನ ಸಂಸ್ಥೆಯಿಂದ ನಿವೃತ್ತರಾದ ಮೇಲೆಯೂ ಸುಮ್ಮನೆ ಕೂರದೆ, ಉದ್ಯಮಿಗಳ ಖಾಸಗಿ ಜೆಟ್‌ಗಳನ್ನು ಹಾರಿಸುವ ಕೆಲಸ ಹಿಡಿಯುತ್ತಾರೆ. ಪ್ರಯಾಣಿಕರ ನಿಗದಿತ ಸೇವೆ ದೇವನಹಳ್ಳಿಗೆ ಹೋದ ಬಳಿಕ ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣ ಇಂಥ ಸಣ್ಣ ವಿಮಾನಗಳಿಗೆ ಒದಗಿಬಂದಿರುವುದರಿಂದ, ಅವರ ದಾರಿ ಈಗ ಆ ಕಡೆಗೂ ತಿರುಗಿದೆ.

ಈ ಎರಡನೆಯ ಕೆಲಸಕ್ಕೆ ಮೊದಲ ಕಾರಣ ವಯಸ್ಸಿನ ನಿಯಮ. ಹಣ ಪಡೆದು ಜನರನ್ನು ಒಯ್ಯುವ ಅಂತರರಾಷ್ಟ್ರೀಯ ಹಾರಾಟದಲ್ಲಿ, ಇಬ್ಬರು ವೈಮಾನಿಕರಿರುವ ವಿಮಾನವನ್ನು 65 ವರ್ಷ ತುಂಬುವವರೆಗೆ ಮಾತ್ರ ನಡೆಸಬಹುದು. ಒಬ್ಬರೇ ನಡೆಸುವುದಾದರೆ 60ಕ್ಕೇ ನಿಲ್ಲಿಸಬೇಕು. ಅಮೆರಿಕದಲ್ಲಿ 2007ರ ಡಿಸೆಂಬರ್‌ವರೆಗೆ ದೊಡ್ಡ ವಿಮಾನಯಾನ ಸಂಸ್ಥೆಗಳ ಎಲ್ಲ ವೈಮಾನಿಕರಿಗೂ 60ರ ಗಡಿಯಿತ್ತು. ಅನಂತರ ಅದು 65ಕ್ಕೆ ಏರಿತು. ಆದರೆ ಕಂಪನಿಯೊಂದು ತನ್ನದೇ ವ್ಯವಹಾರಕ್ಕೆ ಇಟ್ಟುಕೊಂಡ ವಿಮಾನಕ್ಕೆ ಅಲ್ಲಿ ಈ ಗಡಿ ಅನ್ವಯಿಸುವುದಿಲ್ಲ. ಹೀಗಾಗಿ ಹುಟ್ಟುಹಬ್ಬದ ಹಿಂದಿನ ದಿನ ಮುನ್ನೂರು ಜನರನ್ನು ಸಾಗರ ದಾಟಿಸಿದವರು, ಮರುವಾರ ನಾಲ್ಕು ಜನರ ಜೆಟ್‌ನಲ್ಲಿ ಕುಳಿತಿರುವುದು ಅಲ್ಲಿ ಅಪರೂಪವಲ್ಲ. ನಮ್ಮಲ್ಲಿ ಬಾಡಿಗೆ ಜೆಟ್‌ಗಳಿಗೂ 65ರ ಮಿತಿ ಇರುವುದರಿಂದ, ಸಂಸ್ಥೆಯಿಂದ ಸ್ವಲ್ಪ ಮುಂಚೆಯೇ ಹೊರಬಂದವರಿಗೆ ಮಾತ್ರ ಕೆಲವು ವರ್ಷಗಳ ಅವಕಾಶ ಸಿಗುತ್ತದೆ. 60 ದಾಟಿದವರು ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಲೇಬೇಕು. ರಕ್ತದೊತ್ತಡದ ಒಂದು ಅಂಕಿ ಹೆಚ್ಚು ಕಡಿಮೆಯಾದರೂ ಹಾರಾಟ ನಿಂತೀತೆಂಬ ಅಳುಕು ಆಗ ಎಲ್ಲರಿಗೂ ಇರುತ್ತದೆ.

ಕೆಲಸದ ಸ್ವರೂಪವೇ ಬೇರೆಯೆಂಬುದು ಸೇರಿದ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ದೊಡ್ಡ ಸಂಸ್ಥೆಯಲ್ಲಿ ಕ್ಯಾಪ್ಟನ್ ವಿಮಾನದ ಬಳಿ ಬರುವ ಹೊತ್ತಿಗೆ ಹಾರಾಟದ ಯೋಜನೆ, ಇಂಧನದ ಲೆಕ್ಕ, ಹವಾಮಾನದ ವರದಿ, ಊಟದ ಪೆಟ್ಟಿಗೆ, ಸಾಮಾನು ಸರಂಜಾಮು ಎಲ್ಲವನ್ನೂ ಬೇರೆ ಬೇರೆ ವಿಭಾಗದವರು ಸಿದ್ಧಪಡಿಸಿರುತ್ತಾರೆ. ತಿಂಗಳ ಪಾಳಿಯೂ ಮೊದಲೇ ಕೈಸೇರಿರುತ್ತದೆ. ಸಣ್ಣ ಜೆಟ್‌ನಲ್ಲಿ ಇವುಗಳಲ್ಲಿ ಬಹುಪಾಲು ವೈಮಾನಿಕರ ಮೈಮೇಲೆಯೇ ಬೀಳುತ್ತವೆ. ನನಗೆ ಪರಿಚಯವಿರುವ ಒಬ್ಬ ನಿವೃತ್ತ ಕ್ಯಾಪ್ಟನ್, ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ಬೋಯಿಂಗ್ 777 ನಡೆಸಿದವರು, ಬೆಳಗಿನ ಜಾವ ತಾವೇ ಎಂಜಿನ್‌ಗಳ ಬಾಯಿಗೆ ತೊಡಿಸಿದ ಕೆಂಪು ಮುಚ್ಚಳಗಳನ್ನು ತೆಗೆದು ಎಣಿಸಿಡುತ್ತಾರೆ, ವೇಗ ಅಳೆಯುವ ಸಣ್ಣ ಕೊಳವೆಯ ಚೀಲವನ್ನು ಬಿಚ್ಚುತ್ತಾರೆ, ಟೈರುಗಳನ್ನು ತಡವಿ ನೋಡುತ್ತಾರೆ, ಆಮೇಲೆ ಕೈತೊಳೆದು ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಳ್ಳುತ್ತಾರೆ. ಮಾಲೀಕರ ಮೊಮ್ಮಗಳ ಸೂಟ್‌ಕೇಸನ್ನು ಮೇಲೆತ್ತುವಾಗ, ಭುಜದ ನಾಲ್ಕು ಪಟ್ಟಿಗಳಿಗೆ ಇದರಿಂದ ಕುಂದೇನೂ ಬರುವುದಿಲ್ಲವೆಂದು ನಗುತ್ತಾರೆ. ಅವರ ಪಕ್ಕದಲ್ಲಿ ಕೂರುವ ಕೋ-ಪೈಲಟ್ ಅವರ ಮಗನಿಗಿಂತ ಚಿಕ್ಕವನು. ಆದರೆ ಹೊಸ ವಿಮಾನದ ತರಬೇತಿಯ ಅವಧಿಯಲ್ಲಿ ಅಂಥದೇ ವಯಸ್ಸಿನ ಹುಡುಗನೊಬ್ಬ ಎಡಗಡೆಯ ಕ್ಯಾಪ್ಟನ್ ಆಸನದಲ್ಲಿದ್ದ. ಇವರು ಬಲಗಡೆ ಕುಳಿತು ಕಲಿತರು. "ಸರ್, ನೀವು ಇನ್ನೂ ಎತ್ತರದಲ್ಲೇ ಮೂಗು ಎತ್ತುತ್ತಿದ್ದೀರಿ" ಎಂದು ಆ ಹುಡುಗ ಹೇಳಿದ್ದನ್ನು ಅವರು ಸಂಕೋಚವಿಲ್ಲದೆ ನೆನೆಯುತ್ತಾರೆ.

ಆ ಮಾತಿನಲ್ಲಿ ಅರ್ಥವಿದೆ. ಇಳಿಯುವಾಗ ನೆಲ ಮುಟ್ಟುವ ತುಸು ಮುನ್ನ ವಿಮಾನದ ಮೂಗನ್ನು ಮೇಲೆತ್ತಬೇಕು; ಯಾವಾಗ ಎತ್ತಬೇಕೆಂಬ ಅಂದಾಜು ವಿಮಾನದಿಂದ ವಿಮಾನಕ್ಕೆ ಬೇರೆ. 777ರ ದೊಡ್ಡ ಮಾದರಿ ತುಂಬಿದಾಗ ಸುಮಾರು 350 ಟನ್ ತೂಗುತ್ತದೆ, ಅದರ ಚಕ್ರ ನೆಲ ಮುಟ್ಟುವಾಗಲೂ ವೈಮಾನಿಕರ ಕಣ್ಣು ಎರಡು ಮೂರು ಮಹಡಿಯಷ್ಟು ಮೇಲಿರುತ್ತದೆ. ಸೆಸ್ನಾ ಸೈಟೇಷನ್ ವರ್ಗದ ಸಣ್ಣ ಜೆಟ್‌ಗಳು ಆರೇಳು ಟನ್ನಿನ ಆಸುಪಾಸಿನವು; ಅವುಗಳಲ್ಲಿ ಕುಳಿತವರಿಗೆ ನೆಲ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಹಳೆಯ ಅಂದಾಜಿನಲ್ಲಿ ಮೂಗು ಎತ್ತಿದರೆ ವಿಮಾನ ಗಾಳಿಯಲ್ಲೇ ವೇಗ ಕಳೆದುಕೊಂಡು ದೊಪ್ಪನೆ ಕೂರುತ್ತದೆ. ಇಳಿಯುವ ಜಾಗವೂ ಹಾಗೆಯೇ. ದೇವನಹಳ್ಳಿಯ ಪ್ರತಿ ರನ್‌ವೇಯೂ 4,000 ಮೀಟರ್ ಉದ್ದವಿದೆ. ಮೈಸೂರಿನದು 1,740 ಮೀಟರ್. ಖಾಸಗಿ ಜೆಟ್ ಕರೆದಲ್ಲಿಗೆಲ್ಲ ಹೋಗಬೇಕಾಗುತ್ತದೆ. ಪ್ರತಿಯೊಂದು ಮಾದರಿಗೂ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆ ಬೇಕಾದ್ದರಿಂದ, ಇಪ್ಪತ್ತು ಸಾವಿರ ಗಂಟೆ ಹಾರಿದವರೂ ಮತ್ತೆ ಪಠ್ಯ ಓದಿ, ಸಿಮ್ಯುಲೇಟರಿನಲ್ಲಿ ಬೆವರು ಸುರಿಸಿ ಪರೀಕ್ಷೆ ಕೊಡಬೇಕು.

ಇಷ್ಟೆಲ್ಲ ಕಲಿಸಬೇಕೆಂದ ಮೇಲೆ ಮಾಲೀಕರಿಗೆ ಇವರಿಂದ ಏನು ಲಾಭ ಎಂಬ ಪ್ರಶ್ನೆ ಸಹಜ. ಹಾರಿದ ಗಂಟೆಗಳ ಲೆಕ್ಕ ಅಷ್ಟು ದೊಡ್ಡ ಲಾಭವೆಂದು ನನಗೆ ಅನ್ನಿಸುವುದಿಲ್ಲ. ದೊಡ್ಡ ಸಂಸ್ಥೆಯ ಶಿಸ್ತು ಮೈಗೂಡಿರುವುದೇ ನಿಜವಾದ ಲಾಭ. 2014ರ ಮೇ 31ರ ರಾತ್ರಿ ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್-4 ಜೆಟ್ಟೊಂದು ಮೇಲೇಳಲಾಗದೆ ರನ್‌ವೇ ದಾಟಿ ಉರಿದುಹೋಗಿ, ಅದರಲ್ಲಿದ್ದ ಏಳು ಜನರೂ ಸತ್ತರು. ನಿಂತ ವಿಮಾನದ ರೆಕ್ಕೆ ಮತ್ತು ಬಾಲದ ಚಲಿಸುವ ಭಾಗಗಳು ಗಾಳಿಗೆ ಹೊಡೆದಾಡದಂತೆ ಹಾಕುವ ಬೀಗವನ್ನು ವೈಮಾನಿಕರು ತೆಗೆದಿರಲಿಲ್ಲ. ಹೊರಡುವ ಮುನ್ನ ನಿಯಂತ್ರಣಗಳನ್ನು ಒಮ್ಮೆ ಪೂರ್ತಿ ಆಡಿಸಿ ನೋಡಿದ್ದರೆ ಅದು ಗೊತ್ತಾಗುತ್ತಿತ್ತು; ತನಿಖೆ ನಡೆಸಿದವರು ದತ್ತಾಂಶ ತೆಗೆದು ನೋಡಿದಾಗ, ಹಿಂದಿನ 175 ಹಾರಾಟಗಳ ಪೈಕಿ ನೂರಕ್ಕೆ 98ರಲ್ಲಿ ಆ ತಪಾಸಣೆ ಪೂರ್ತಿಯಾಗಿ ನಡೆದೇ ಇರಲಿಲ್ಲ. ಅವರು ಹೊಸಬರಲ್ಲ, ವರ್ಷಗಟ್ಟಲೆ ಜೊತೆಯಾಗಿ ಹಾರಿದವರು. ಸಲಿಗೆ ಬೆಳೆದ ಕಡೆ ಚೆಕ್‌ಲಿಸ್ಟ್ ಓದುವುದು ನಾಟಕೀಯವೆನ್ನಿಸತೊಡಗುತ್ತದೆ. ಮೂವತ್ತು ವರ್ಷ ಅದನ್ನು ಗಟ್ಟಿಯಾಗಿ ಓದಿ, ಗಟ್ಟಿಯಾಗಿ ಉತ್ತರ ಕೇಳಿಸಿಕೊಂಡವರಿಗೆ ಆ ಮುಜುಗರ ಇರುವುದಿಲ್ಲ.

ಇದಕ್ಕಿಂತ ಕಠಿಣವಾದದ್ದು ಮಾಲೀಕರಿಗೆ ಇಲ್ಲವೆನ್ನುವ ಕೆಲಸ. ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು ಸಾಹುಕಾರರೊಬ್ಬರ ಕಾರಿಗೆ ಚಾಲಕರಾದರೆ ಏನಾಗುತ್ತದೆಯೋ ಇಲ್ಲಿಯೂ ಅದೇ ಆಗುತ್ತದೆ: ಮೊದಲು ಡಿಪೋ ಹೇಳಿದಂತೆ ನಡೆಯುತ್ತಿತ್ತು, ಈಗ ಹಿಂದಿನ ಸೀಟು ಹೇಳುತ್ತದೆ. 2001ರ ಮಾರ್ಚ್ 29ರ ಸಂಜೆ ಅಮೆರಿಕದ ಆಸ್ಪೆನ್ ಎಂಬ ಗುಡ್ಡಗಾಡು ಊರಿನಲ್ಲಿ ಇಳಿಯಲು ಹೊರಟ ಬಾಡಿಗೆ ಗಲ್ಫ್‌ಸ್ಟ್ರೀಮ್ ಜೆಟ್ ಬೆಟ್ಟದ ಮಗ್ಗುಲಿಗೆ ಬಡಿದು 18 ಜನ ಸತ್ತರು. ಕತ್ತಲಾದ ಮೇಲೆ ಅಲ್ಲಿ ಅದು ಇಳಿಯುವಂತಿರಲಿಲ್ಲ, ಪ್ರಯಾಣಿಕರು ಹೊರಡುವುದೇ ತಡವಾಗಿತ್ತು, ಹಿಮವೂ ಬೀಳುತ್ತಿತ್ತು. ಬೇರೆ ಊರಿಗೆ ತಿರುಗಿಸಕೂಡದೆಂಬ ಗ್ರಾಹಕರ ಒತ್ತಾಯ ಕ್ಯಾಪ್ಟನ್ ಮೇಲೆ ಬಿದ್ದದ್ದನ್ನು ತನಿಖಾ ವರದಿ ಸ್ಪಷ್ಟವಾಗಿ ದಾಖಲಿಸಿದೆ.

ನಮ್ಮಲ್ಲಿ ಚುನಾವಣೆಯ ದಿನಗಳಲ್ಲಿ, ಮದುವೆಯ ಮುಹೂರ್ತಗಳಲ್ಲಿ ಇಂಥ ಒತ್ತಾಯ ಹೇಗಿರುತ್ತದೆಂದು ನಾನು ವಿವರಿಸಬೇಕಿಲ್ಲ. ವಯಸ್ಸಾದ ಕ್ಯಾಪ್ಟನ್‌ಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಮನೆ ಸಾಲ ತೀರಿರುತ್ತದೆ, ಮಕ್ಕಳು ದಡ ಸೇರಿರುತ್ತಾರೆ. ಕೆಲಸ ಹೋದರೂ ಹೊಟ್ಟೆಪಾಡಿಗೆ ಕುತ್ತಿಲ್ಲವಾದ್ದರಿಂದ, ಮಂಜು ಕರಗುವವರೆಗೆ ಹೊರಡುವುದಿಲ್ಲವೆಂದು ಹೇಳಲು ನಾಲಿಗೆ ತಡವರಿಸುವುದಿಲ್ಲ. ನಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಗ್ಗೆಗಳಲ್ಲಿ ಈ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ನಾನು ಹೇಳಿದ ಕ್ಯಾಪ್ಟನ್ ಕೆಲಸ ಒಪ್ಪುವ ಮುನ್ನ ಸಂಬಳದ ಮಾತನ್ನು ಬೇಗ ಮುಗಿಸಿ, ಹವಾಮಾನದ ಕಾರಣಕ್ಕೆ ಹಾರಾಟ ನಿಲ್ಲಿಸಿದರೆ ತಮ್ಮ ತೀರ್ಮಾನವನ್ನು ಯಾರೂ ಪ್ರಶ್ನಿಸುವಂತಿಲ್ಲವೆಂಬ ಸಾಲನ್ನು ಒಪ್ಪಂದದಲ್ಲಿ ಬರೆಸಿಕೊಂಡರು. ಅದನ್ನು ಬರೆದುಕೊಡಲು ಹಿಂದೆಮುಂದೆ ನೋಡಿದ ಇನ್ನೊಬ್ಬ ಮಾಲೀಕರ ಕೆಲಸವನ್ನು, ವಿಮಾನ ಹೊಸದಾಗಿದ್ದರೂ, ಅವರು ಅಲ್ಲಿಯೇ ಬಿಟ್ಟು ಬಂದಿದ್ದರು.

ನಮಸ್ಕಾರ.