ಜಿಗ್ ಬೀಳಲು ಬಿಡಿ

ಕೇಳುಗರಿಗೆ ನಮಸ್ಕಾರ. ದಡದಲ್ಲಿ ನಿಂತು ಗಾಳ ಹಾಕಿ ಕೈ ಪಳಗಿದೆ, ಇನ್ನು ದೋಣಿ ಹತ್ತಿ ಆಳದ ಸಮುದ್ರದಲ್ಲಿ ಜಿಗ್ಗಿಂಗ್ ಕಲಿಯಬೇಕು ಎಂದುಕೊಂಡಿರುವವರಿಗಾಗಿ ನಾನು ಮಾತನಾಡುತ್ತಿದ್ದೇನೆ. ನನಗೆ ಹೇಳಲಿಕ್ಕಿರುವುದು ಒಂದೇ ಸಂಗತಿ. ಮೀನು ಕಚ್ಚುವುದು ಜಿಗ್ ಕೆಳಗೆ ಬೀಳುವಾಗ. ಮೇಲೆ ಎತ್ತುವುದೆಲ್ಲ ಹಾಗೆ ಬೀಳಿಸುವುದಕ್ಕಾಗಿ.

ಜಿಗ್ ಎಂದರೆ ಮೀನಿನ ಆಕಾರದ ಲೋಹದ ತುಂಡು. ಅದಕ್ಕೆ ಎರೆ ಸಿಕ್ಕಿಸುವುದಿಲ್ಲ. ಅದರ ಓಲಾಟವೇ ಎರೆ. ನೂರು ಮೀಟರ್ ಆಳಕ್ಕೆ 150ರಿಂದ 200 ಗ್ರಾಂ ತೂಕದ್ದನ್ನು ಕಟ್ಟಿ, ನೀರಿನ ಸೆಳೆತ ಜೋರಾಗಿದ್ದರೆ ಇನ್ನೂ ಭಾರದ್ದು. ದಾರ ಹೆಣೆದದ್ದೇ ಆಗಬೇಕು, ತೆಳುವಾಗಿರಬೇಕು. ನೈಲಾನ್ ಹಿಗ್ಗುತ್ತದೆ. ಮೇಲೆ ನೀವು ಕೋಲು ಎತ್ತಿದ ಸುದ್ದಿ ಅಷ್ಟು ಕೆಳಗಿರುವ ಜಿಗ್‌ಗೆ ಸರಿಯಾಗಿ ಮುಟ್ಟುವುದೇ ಇಲ್ಲ. ಹತ್ತು ಹತ್ತು ಮೀಟರಿಗೆ ಬಣ್ಣ ಬದಲಾಗುವ ದಾರ ಕೊಂಡರೆ ಆಳವನ್ನು ಕಣ್ಣಿನಲ್ಲೇ ಎಣಿಸಬಹುದು. ಕೊಕ್ಕೆಯನ್ನು ಗಟ್ಟಿ ಹುರಿಯಲ್ಲಿ ಜಿಗ್‌ನ ಮೇಲ್ತುದಿಗೆ ಕಟ್ಟಿ. ಕೆಳತುದಿಗೆ ಕಟ್ಟಿದರೆ ಮೀನಿಗಿಂತ ಮೊದಲು ಬಂಡೆ ಸಿಕ್ಕುತ್ತದೆ.

ಒಮ್ಮೆ ನನ್ನ ಜೊತೆ ದೋಣಿಯಲ್ಲಿ ಕಲಿಯಲು ಬಂದ ಇಬ್ಬರಿದ್ದರು. ಒಬ್ಬ ವ್ಯಾಯಾಮ ಮಾಡಿ ಮೈ ಕಟ್ಟಿದ ಯುವಕ. ಇನ್ನೊಬ್ಬರು ನಿವೃತ್ತ ಶಿಕ್ಷಕಿ, ಭುಜದ ನೋವಿನಿಂದಾಗಿ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಲಾರರು. ಯುವಕ ಉಸಿರು ಬಿಡದೆ ಕೋಲನ್ನು ಜಗ್ಗುತ್ತಿದ್ದ. ಅವನ ದಾರ ಒಂದು ಕ್ಷಣವೂ ಸಡಿಲಾಗಲಿಲ್ಲ. ಜಿಗ್ ನೆಟ್ಟಗೆ ಮೇಲೆ ಓಡುತ್ತಿತ್ತು, ಅಷ್ಟೆ. ಶಿಕ್ಷಕಿ ರೀಲಿನ ಹಿಡಿಯನ್ನು ಅರ್ಧ ಸುತ್ತು ತಿರುಗಿಸುವರು. ಕೋಲು ಬಾಗಿ, ತಾನಾಗಿ ನೆಟ್ಟಗಾಗಿ, ಜಿಗ್ಗನ್ನು ಎತ್ತುವುದು. ಆಮೇಲೆ ಅವರು ಕೋಲಿನ ತುದಿಯನ್ನು ಇಳಿಸಿ ಸುಮ್ಮನಿರುವರು, ಭುಜಕ್ಕೆ ವಿರಾಮ ಬೇಕಲ್ಲ! ಆ ವಿರಾಮದಲ್ಲಿ ಜಿಗ್ ಅಡ್ಡಲಾಗಿ ಮಲಗಿ, ಉದುರುವ ಎಲೆಯ ಹಾಗೆ ಅತ್ತಿತ್ತ ಓಲಾಡುತ್ತಾ ಇಳಿಯುತ್ತಿತ್ತು. ಜಪಾನಿನಲ್ಲಿ ರೂಪುಗೊಂಡ ಸ್ಲೋ ಪಿಚ್ ವಿಧಾನದ ಜೀವಾಳ ಇದೇ. ಆಕೆಗೆ ಅದನ್ನು ಭುಜದ ನೋವು ಕಲಿಸಿತ್ತು.

ಇದ್ದಕ್ಕಿದ್ದಂತೆ ಇಳಿಯುತ್ತಿದ್ದ ಅವರ ದಾರ ನಿಂತುಬಿಟ್ಟಿತು. “ತಳ ಬಂತೇ?” ಎಂದು ಕೇಳಿದರು. ತಳ ಇನ್ನೂ ಬಹಳ ಕೆಳಗಿತ್ತು. ಸುತ್ತಿ, ಬೇಗ ಸುತ್ತಿ ಎಂದು ನಾನು ಕೂಗಿದೆ. ಕೋಲು ನೀರಿನ ಕಡೆ ಬಾಗಿತು, ರೀಲು ಕಿರ್ರೆಂದಿತು. ಬಂದದ್ದು ಒಳ್ಳೆಯ ಗಾತ್ರದ ಗ್ರೂಪರ್ ಮೀನು. ಯುವಕ ನನ್ನತ್ತ ತಿರುಗಿ, ಆಕೆಯ ಜಿಗ್ ಯಾವ ಬಣ್ಣದ್ದು ಎಂದು ವಿಚಾರಿಸಿದ. ಬಣ್ಣದ ಮಾತು ಎತ್ತುವವರ ಮುಂದೆ ನನ್ನ ತಾಳ್ಮೆ ಸ್ವಲ್ಪ ಕಡಿಮೆ. ನೂರು ಮೀಟರ್ ಕೆಳಗೆ ಕೆಂಪು ಕೆಂಪಾಗಿ ಕಾಣುವುದೇ ಇಲ್ಲ. ಆ ಬೆಳಕನ್ನು ನೀರು ಮೇಲೆಯೇ ಹೀರಿಕೊಂಡಿರುತ್ತದೆ. ಬಣ್ಣ ಬಿಡಿ, ಜಿಗ್ ಬೀಳಲು ಬಿಡಿ ಎಂದೆ.

ಹಾಗಾಗಿ, ದಾರ ಇಳಿಯುವಾಗ ಅದನ್ನೇ ನೋಡುತ್ತಿರಿ. ನಡುವೆ ನಿಂತರೆ ಮೀನು ಎಂದೇ ತಿಳಿಯಿರಿ. ತಳ ಮುಟ್ಟಿದ ಕೂಡಲೇ ಜಿಗ್ಗನ್ನು ಎಬ್ಬಿಸಿ, ಇಲ್ಲವಾದರೆ ಕಲ್ಲಿನ ಪಾಲು. ದೋಣಿ ತೇಲಿಹೋಗಿ ದಾರ ಓರೆಯಾದರೆ ಜಿಗ್ ಓಲಾಡುವುದಿಲ್ಲ. ಪೂರ್ತಿ ಸುತ್ತಿಕೊಂಡು ಮತ್ತೆ ನೆಟ್ಟಗೆ ಇಳಿಸಿ. ಸೋಮಾರಿತನ ಬೇಡ.

ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ರೀಲಿನ ಬಿಗಿತ, ಅದರ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಸಮಯವಾಗುತ್ತಿದೆ. ದಾರ ತಡೆಯುವ ಭಾರದ ಮೂರನೆಯ ಒಂದು ಪಾಲನ್ನು ಮೀರಿ ಬಿಗಿಯಬೇಡಿ. ಕೊನೆಯದು, ಬೇಡದ ಮೀನು ಬಂದಾಗ. ನೂರು ಮೀಟರ್ ಕೆಳಗೆ ಒತ್ತಡ ಮೇಲಿನದಕ್ಕಿಂತ ಸುಮಾರು ಹನ್ನೊಂದು ಪಟ್ಟು ಇರುತ್ತದೆ. ಮೇಲೆ ಬಂದಾಗ ಮೀನಿನ ಗಾಳಿಚೀಲ ಉಬ್ಬಿ, ಅದು ನೀರಿನ ಮೇಲೆಯೇ ಹೊಟ್ಟೆ ತಿರುವಿ ತೇಲುತ್ತದೆ. ಅದನ್ನು ಹಾಗೆಯೇ ಎಸೆಯಬೇಡಿ. ಭಾರ ಕಟ್ಟಿದ ಕ್ಲಿಪ್ಪಿನಿಂದ ಅದರ ದವಡೆ ಹಿಡಿದು ಆಳಕ್ಕೆ ಇಳಿಸಿ, ಅಲ್ಲಿ ಬಿಡಿ. ಆ ಕ್ಲಿಪ್ಪನ್ನು ದೋಣಿ ಹತ್ತುವ ಮೊದಲೇ ಚೀಲದಲ್ಲಿ ಹಾಕಿಕೊಂಡಿರಿ. ನಮಸ್ಕಾರ.