ಇಲಿ ಕಲ್ಲಾಗಿ ನಿಂತಾಗ: ಅಮಿಗ್ಡಲಾದೊಳಗಿನ ದಾರಿಗಳು

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಮೆಕ್ಕೆಜೋಳದ ಗೋದಾಮು ನೋಡದವರು ಕಡಿಮೆ. ರಾತ್ರಿ ಬಾಗಿಲು ತೆಗೆದು ದೀಪ ಹಾಕಿದರೆ ಇಲಿ ಪ್ರತಿ ಸಲವೂ ಓಡುವುದಿಲ್ಲ. ಎಷ್ಟೋ ಬಾರಿ ಚೀಲದ ಮೇಲೆ ಇದ್ದಲ್ಲೇ ಕಲ್ಲಾಗುತ್ತದೆ. ಉಸಿರಾಟವೊಂದನ್ನು ಬಿಟ್ಟರೆ ಮೀಸೆಯೂ ಅಲುಗುವುದಿಲ್ಲ. ಅದೇ ಹೊತ್ತಿಗೆ ಒಳಗೆ ರಕ್ತದೊತ್ತಡ, ಎದೆಬಡಿತ, ಹಾರ್ಮೋನು ಎಲ್ಲವೂ ಬದಲಾಗಿರುತ್ತವೆ. ಇವೆಲ್ಲವನ್ನೂ ಜೋಡಿಸುವುದು ಮಿದುಳಿನ ಎರಡೂ ಬದಿಯ ಆಳದಲ್ಲಿರುವ ಅಮಿಗ್ಡಲಾ. ಇಲಿಯ ಇಡೀ ಮಿದುಳೇ ಸುಮಾರು 2 ಗ್ರಾಂ. ಅದರಲ್ಲಿ ಇದು ಎಷ್ಟು ಚಿಕ್ಕದೆಂದು ಊಹಿಸಿಕೊಳ್ಳಿ.

ಇದನ್ನು ‘ಭಯದ ಕೇಂದ್ರ’ ಎಂದು ಕರೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಚಿಕ್ಕಜಾಜೂರು ಜಂಕ್ಷನ್ ನೆನಪಿಸಿಕೊಳ್ಳಿ: ಹುಬ್ಬಳ್ಳಿ, ಬೆಂಗಳೂರು, ಚಿತ್ರದುರ್ಗ, ಒಂದೊಂದು ಊರಿಗೆ ಒಂದೊಂದು ಹಳಿ. ಒಂದು ಹಳಿ ಕಿತ್ತರೂ ಉಳಿದವು ನಡೆಯುತ್ತವೆ. ಅಮಿಗ್ಡಲಾದಲ್ಲೂ ಹಾಗೇ.

ಇದನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಉಕ್ಕಿನ ಸರಳುಗಳ ನೆಲವಿರುವ ಪೆಟ್ಟಿಗೆಯಲ್ಲಿ ಇಲಿಗೆ 30 ಸೆಕೆಂಡು ಒಂದು ಸ್ವರ ಕೇಳಿಸಿ, ಕೊನೆಯ ಒಂದು ಸೆಕೆಂಡಿನಲ್ಲಿ ಸುಮಾರು 0.5 ಮಿಲಿಆಂಪಿಯರ್ ಶಾಕ್ ಕೊಡುತ್ತಾರೆ. ಹೀಗೆ ಕೆಲವು ಸಲ. ಮರುದಿನ ಬೇರೆ ಪೆಟ್ಟಿಗೆಯಲ್ಲಿ ಸ್ವರ ಮಾತ್ರ; ಇಲಿ ಎಷ್ಟು ಸೆಕೆಂಡು ಕಲ್ಲಾಯಿತು ಎಂದು ಎಣಿಸಬೇಕು. ಹಳೆಯ ಪೆಟ್ಟಿಗೆಯಲ್ಲೇ ಪರೀಕ್ಷಿಸಿದರೆ ಅದು ಹೆದರಿದ್ದು ಸ್ವರಕ್ಕೋ ಜಾಗಕ್ಕೋ ತಿಳಿಯುವುದಿಲ್ಲ. ಸರಳುಗಳ ಮಧ್ಯೆ ಹಿಕ್ಕೆ, ಮೂತ್ರ ಸೇರಿಕೊಂಡರೆ ಕರೆಂಟು ಅಲ್ಲಿಂದಲೇ ಹಾಯ್ದು ಪಾದಕ್ಕೆ ತಲುಪುವುದು ಕಡಿಮೆಯಾಗುತ್ತದೆ. ಆದ್ದರಿಂದ ಪ್ರತಿ ಇಲಿಯ ನಂತರ ಒರೆಸಲೇಬೇಕು.

ಈಗ ದಾರಿ ಹಿಡಿಯೋಣ. ಸ್ವರ ಕಿವಿಯಿಂದ ಮಿದುಳಿನ ನಡುವಿನ ಥಾಲಮಸ್‌ಗೆ ಬಂದು, ಅಲ್ಲಿಂದ ಅಮಿಗ್ಡಲಾದ ಲ್ಯಾಟರಲ್ (ಪಕ್ಕದ) ನ್ಯೂರಾನ್ ಗುಚ್ಛಕ್ಕೆ ನೇರವಾಗಿಯೂ, ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ಸುತ್ತಿಕೊಂಡೂ ಹೋಗುತ್ತದೆ. ನೇರ ದಾರಿಯ ಸುದ್ದಿ ಸುಮಾರು 12 ಮಿಲಿಸೆಕೆಂಡಿಗೇ ಮುಟ್ಟುತ್ತದೆ. ಶಾಕಿನ ನೋವೂ ಅದೇ ನ್ಯೂರಾನ್‌ಗಳಿಗೆ ಬರುತ್ತದೆ. ಎರಡೂ ಒಟ್ಟಿಗೆ ಬಿದ್ದಾಗ ನ್ಯೂರಾನ್ ಮೇಲಿನ ಬಾಗಿಲಿನಂಥ ಎನ್‌ಎಂಡಿಎ ಗ್ರಾಹಕ ತೆರೆದು, ಕ್ಯಾಲ್ಸಿಯಂ ಒಳನುಗ್ಗಿ, ಸ್ವರ ತರುವ ಬೆಸುಗೆ (ಎರಡು ನ್ಯೂರಾನ್ ಕೂಡುವ ಜಾಗ, ಸಿನಾಪ್ಸ್) ಬಲವಾಗುತ್ತದೆ. ತರಬೇತಿಗೆ ಮೊದಲೇ ಈ ಗ್ರಾಹಕವನ್ನು ಔಷಧದಿಂದ ಮುಚ್ಚಿದರೆ ಇಲಿ ಸರಿಯಾಗಿ ಕಲಿಯುವುದಿಲ್ಲ.

ಆ ಔಷಧ ಹಾಕುವುದೇ ಕಷ್ಟದ ಕೆಲಸ. ಬುರುಡೆಯ ಮೇಲೆ ಮೂಳೆಗಳ ಹೊಲಿಗೆ ಕೂಡುವ ಬ್ರೆಗ್ಮಾ ಬಿಂದುವಿನಿಂದ ಸುಮಾರು 2.8 ಮಿ.ಮೀ. ಹಿಂದೆ, 5 ಮಿ.ಮೀ. ಪಕ್ಕಕ್ಕೆ, 8 ಮಿ.ಮೀ. ಆಸುಪಾಸಿನ ಆಳಕ್ಕೆ ಸೂಜಿ ಇಳಿಯಬೇಕು. ಅರ್ಧ ಮೈಕ್ರೋಲೀಟರ್ ದ್ರವ ಬಿಡಲು ಎರಡು ನಿಮಿಷ ತೆಗೆದುಕೊಳ್ಳಿ. ಮುಗಿದ ಕೂಡಲೇ ಸೂಜಿ ಎಳೆದರೆ ಔಷಧ ಅದರ ಜೊತೆಗೇ ಮೇಲೇರಿಬಿಡುತ್ತದೆ. ಒಂದೆರಡು ನಿಮಿಷ ಹಾಗೇ ಬಿಡಿ. ಕೊನೆಗೆ ಮಿದುಳನ್ನು ಹೋಳು ಮಾಡಿ ಬಣ್ಣ ಹಾಕಿ ನೋಡಿ, ಗುರಿ ತಪ್ಪಿದ ಇಲಿಗಳನ್ನು ಲೆಕ್ಕದಿಂದ ಬಿಡಬೇಕು. ಇನ್ನು ಕರೆಂಟಿನಿಂದ ಅಮಿಗ್ಡಲಾ ಸುಡುವ ಹಳೆಯ ವಿಧಾನದಲ್ಲಿ ಅದರ ಮೂಲಕ ಬೇರೆಲ್ಲಿಗೋ ಹಾದುಹೋಗುವ ನರತಂತುಗಳೂ ಸಾಯುತ್ತವೆ. ಐಬೋಟೆನಿಕ್ ಆಮ್ಲ ಜೀವಕೋಶಗಳನ್ನು ಕೊಂದು ತಂತುಗಳನ್ನು ಬಹುಮಟ್ಟಿಗೆ ಉಳಿಸುತ್ತದೆ.

ಲ್ಯಾಟರಲ್ ಗುಚ್ಛದ ಬಹುಪಾಲು ನ್ಯೂರಾನ್‌ಗಳು ಗ್ಲುಟಮೇಟ್ ಸುರಿಸಿ ಪ್ರಚೋದಿಸುವಂಥವು. ಸುದ್ದಿ ಮುಂದೆ ತಲುಪುವ ಸೆಂಟ್ರಲ್ (ನಡುವಿನ) ಗುಚ್ಛದಲ್ಲಿ ಹೆಚ್ಚಿನವು ಗಾಬಾ ಸುರಿಸಿ ತಡೆಯುವಂಥವು. ಅಲ್ಲಿ ಬ್ರೇಕಿಗೆ ಬ್ರೇಕು ಬೀಳುತ್ತದೆ: ಹೊರಭಾಗದ ಕೋಶಗಳು ಒಳಭಾಗವನ್ನು ಹಿಡಿದಿಟ್ಟಿರುತ್ತವೆ, ಆ ಹಿಡಿತ ಸಡಿಲವಾದಾಗ ಒಳಭಾಗ ಹೊರಕ್ಕೆ ಆಜ್ಞೆ ಕಳಿಸುತ್ತದೆ. ಈ ಕೋಶಗಳ ಬಗೆಗಳನ್ನು 2010ರಲ್ಲಿ ಬಿಡಿಸಿದ್ದು ಚಿಟ್ಟಿಲಿಗಳಲ್ಲಿ (ಮೌಸ್), ದೊಡ್ಡ ಇಲಿಗಳಲ್ಲಿ (ರ್‍ಯಾಟ್) ಅಲ್ಲ. ನಾವು ಎರಡನ್ನೂ ಇಲಿ ಎಂದುಬಿಡುತ್ತೇವೆ. ಪ್ರಬಂಧ ಓದುವಾಗ ಯಾವ ಪ್ರಾಣಿ ಎಂದು ಮೊದಲು ನೋಡಿ.

ಹೊರಹೋಗುವ ಹಳಿಗಳ ವಿಷಯದಲ್ಲಿ ನರವಿಜ್ಞಾನಿ ಜೋಸೆಫ್ ಲೆಡೂ ತಂಡದ 1988ರ ಪ್ರಯೋಗ ಇಂದಿಗೂ ಬೆರಗು ಹುಟ್ಟಿಸುತ್ತದೆ. ಮಿದುಳಿನ ತಳದ ಹೈಪೋಥಲಾಮಸ್‌ನ ಪಕ್ಕದ (ಲ್ಯಾಟರಲ್) ಭಾಗ ಕೆಡಿಸಿದಾಗ ರಕ್ತದೊತ್ತಡ ಏರುವುದು ಕುಗ್ಗಿತು, ಇಲಿ ಕಲ್ಲಾಗುವುದು ಉಳಿಯಿತು. ಮಧ್ಯಮಿದುಳಿನ ಬೂದು ಭಾಗ ಕೆಡಿಸಿದಾಗ ತದ್ವಿರುದ್ಧ. 2011ರಲ್ಲಿ ಸೆಂಟ್ರಲ್ ಗುಚ್ಛಕ್ಕೆ ಆಕ್ಸಿಟೋಸಿನ್ ಹಾರ್ಮೋನು ಹಾಕಿದವರೂ ಇದನ್ನೇ ಕಂಡರು: ಕಲ್ಲಾಗುವುದು ಕಡಿಮೆ, ಹೃದಯದ ಪ್ರತಿಕ್ರಿಯೆ ಹಾಗೇ. ಮಿಸುಕಾಡುವ ಇಲಿಯನ್ನು ನೋಡಿ ಹೆದರಿಕೆ ಹೋಯಿತು ಎಂದು ಬರೆಯುವವರು ಎದೆಬಡಿತವನ್ನೂ ಅಳೆದಿರಬೇಕು.

ಹೆದರಿಕೆ ಕಳೆಯುವುದೂ ಅಳಿಸುವ ಕೆಲಸವಲ್ಲ. ಶಾಕಿಲ್ಲದೆ ಸ್ವರವನ್ನು ಮತ್ತೆ ಮತ್ತೆ ಕೇಳಿಸಿದರೆ ಇಲಿ ಸುಮ್ಮನಾಗುತ್ತದೆ; ಹಣೆಯ ಭಾಗದ ಇನ್‌ಫ್ರಾಲಿಂಬಿಕ್ ಕಾರ್ಟೆಕ್ಸ್ ಹೊಸದೊಂದು ತಡೆ ಹಾಕಿರುತ್ತದೆ. ಕೆಲವು ವಾರ ಬಿಟ್ಟು ನೋಡಿ, ಅಥವಾ ಪೆಟ್ಟಿಗೆ ಬದಲಿಸಿ: ಹಳೆಯ ಹೆದರಿಕೆ ಮತ್ತೆ ಮೇಲೇಳುತ್ತದೆ.

ಬೆಂಗಳೂರಿನಲ್ಲಿ ನರವಿಜ್ಞಾನಿ ಸುಮಂತ್ರ ಚಟರ್ಜಿಯವರ ತಂಡ, ಒತ್ತಡದ ಪರಿಣಾಮ ತಿಳಿಯಲು, ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ಅಲುಗಾಡದಂತೆ ಹಿಡಿದಿಟ್ಟಿತು. 2002ರ ವರದಿಯ ಪ್ರಕಾರ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನ ನ್ಯೂರಾನ್‌ಗಳ ಕೊಂಬೆಗಳು ಕುಗ್ಗಿದವು, ಅಮಿಗ್ಡಲಾದವು ಚಿಗುರಿದವು. ಆಮೇಲೆ 21 ದಿನ ವಿಶ್ರಾಂತಿ ಕೊಟ್ಟು ನೋಡಿದರು. ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತ್ತು. ಅಮಿಗ್ಡಲಾದಲ್ಲಿ ಬೆಳೆದ ಕೊಂಬೆಗಳು ಹಾಗೇ ಇದ್ದವು.