ತೆಗೆಯುವ ದಿನವನ್ನು ಮೊದಲು ಬರೆಯಿರಿ

ಅಧ್ಯಕ್ಷರೆ, ಹಿರಿಯರೆ, ಕಲಾವಿದ ಮಿತ್ರರೆ, ಉದ್ಯಾನಗಳನ್ನು ನೋಡಿಕೊಳ್ಳುವ ಬಂಧುಗಳೆ,

ಬೆಳಗಿನ ಗೋಷ್ಠಿಯಲ್ಲಿ ಎರಡು ಮಾತು ಬಂದವು. ಗ್ಯಾಲರಿಯ ಗೋಡೆಯೊಳಗೆ ಬಾರದ ಜನರ ಬಳಿಗೆ ಕಲೆ ತಾನೇ ಹೋಗಬೇಕು, ಅದಕ್ಕೆ ಪಾರ್ಕಿಗಿಂತ ಒಳ್ಳೆಯ ಜಾಗವಿಲ್ಲ ಎಂದು ಒಬ್ಬರು ಹೇಳಿದರು. ಊರಿನಲ್ಲಿ ಯಾರೂ ಏನನ್ನೂ ಮಾರದೆ, ತೋರಿಸದೆ ಬಿಟ್ಟಿರುವುದು ಇದೊಂದೇ ಜಾಗ, ದಯವಿಟ್ಟು ಇದನ್ನಾದರೂ ಸುಮ್ಮನೆ ಬಿಡಿ ಎಂದು ಇನ್ನೊಬ್ಬರು ಕೇಳಿಕೊಂಡರು. ಚಪ್ಪಾಳೆ ಇಬ್ಬರಿಗೂ ಬಿತ್ತು. ನನಗೂ ಇಬ್ಬರ ಮಾತೂ ಸರಿಯೆನಿಸಿತು. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಒಂದು ದಾರಿ ಇದೆ ಎಂದು ನಾನು ನಂಬಿದ್ದೇನೆ. ಈ ಮುಕ್ಕಾಲು ಗಂಟೆಯಲ್ಲಿ ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ. ಕೃತಿಯನ್ನು ಇಡುವ ದಿನಕ್ಕಿಂತ ಮೊದಲು ಅದನ್ನು ತೆಗೆಯುವ ದಿನ ನಿಗದಿಯಾಗಬೇಕು. ಯಾರ ಖರ್ಚಿನಲ್ಲಿ, ಯಾವ ದಾರಿಯಲ್ಲಿ ತೆಗೆಯುತ್ತಾರೆ, ಆಮೇಲೆ ನೆಲವನ್ನು ಯಾರು ಸರಿಮಾಡುತ್ತಾರೆ ಎನ್ನುವುದೆಲ್ಲ ಮೊದಲ ಕಾಗದದಲ್ಲೇ ಇರಬೇಕು.

ಇತಿಹಾಸವನ್ನು ಬೇಗ ದಾಟುತ್ತೇನೆ, ನಿಮಗೆಲ್ಲ ಗೊತ್ತಿರುವುದೇ. 1948ರಲ್ಲಿ, ಯುದ್ಧದ ಗಾಯ ಇನ್ನೂ ಮಾಯದ ಲಂಡನ್ನಿನಲ್ಲಿ, ಅಲ್ಲಿನ ಕೌಂಟಿ ಕೌನ್ಸಿಲ್ ಬ್ಯಾಟರ್‌ಸೀ ಪಾರ್ಕಿನ ಮರಗಳ ನಡುವೆ ಶಿಲ್ಪಗಳನ್ನು ಇಟ್ಟಿತು. ಲಕ್ಷಕ್ಕೂ ಹೆಚ್ಚು ಜನ ಬಂದರು. ಮರುವರ್ಷವೇ ಹಾಲೆಂಡಿನ ಆರ್ನೆಮ್‌ನಲ್ಲಿ ಸಾನ್ಸ್‌ಬೇಕ್ ಪಾರ್ಕು ಅದೇ ಹಾದಿ ಹಿಡಿಯಿತು. 1955ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಡಾಕ್ಯುಮೆಂಟಾ ಶುರುವಾದದ್ದು ರಾಷ್ಟ್ರೀಯ ಉದ್ಯಾನ ಪ್ರದರ್ಶನದ ಜೊತೆಯಲ್ಲಿ. ಇವತ್ತು ಜಗತ್ತಿನ ಕಲಾವಿದರೆಲ್ಲ ಎದುರು ನೋಡುವ ಪ್ರದರ್ಶನ ಹೂಗಿಡಗಳ ಪಕ್ಕದಲ್ಲಿ ಹುಟ್ಟಿತು ಎಂದು ನೆನೆದಾಗೆಲ್ಲ ನನಗೆ ಬಹಳ ಖುಷಿಯಾಗುತ್ತದೆ. ನ್ಯೂಯಾರ್ಕಿನ ಪಾರ್ಕುಗಳ ಇಲಾಖೆ 1967ರಿಂದಲೂ ತನ್ನ ಪಾರ್ಕುಗಳಲ್ಲಿ ಸಮಕಾಲೀನ ಕೃತಿಗಳಿಗೆ ತಾತ್ಕಾಲಿಕವಾಗಿ ಜಾಗ ಕೊಡುತ್ತ ಬಂದಿದೆ.

ನ್ಯೂಯಾರ್ಕ್ ಎಂದ ಮೇಲೆ ಕ್ರಿಸ್ಟೊ ಮತ್ತು ಜಾನ್-ಕ್ಲೋಡ್ ಎಂಬ ಕಲಾವಿದ ದಂಪತಿಯ ‘ದಿ ಗೇಟ್ಸ್’ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸ್ವಲ್ಪ ಉದ್ದವಾಗುತ್ತದೆ. ಆದರೆ ಅನುಮತಿ ಕೊಡುವವರು, ಕೇಳುವವರು ಇಬ್ಬರೂ ಇರುವ ಸಭೆ ಇದು, ಅದಕ್ಕೇ ಹೇಳಬೇಕೆನಿಸುತ್ತದೆ.

ಸೆಂಟ್ರಲ್ ಪಾರ್ಕಿನ ನಡೆದಾರಿಗಳ ಉದ್ದಕ್ಕೂ ಬಟ್ಟೆ ಇಳಿಬಿಟ್ಟ ದ್ವಾರಗಳನ್ನು ನಿಲ್ಲಿಸುವ ಯೋಚನೆ ಇವರಿಗೆ ಬಂದದ್ದು 1979ರಲ್ಲಿ. 1981ರಲ್ಲಿ ಪಾರ್ಕುಗಳ ಇಲಾಖೆ ಆಗುವುದಿಲ್ಲ ಎಂದಿತು. ಸುಮ್ಮನೆ ಒಂದು ಸಾಲು ಬರೆದು ಕೈತೊಳೆದುಕೊಳ್ಳಲಿಲ್ಲ. ಕಮಿಷನರ್ ಗಾರ್ಡನ್ ಡೇವಿಸ್ ಕಾರಣಗಳನ್ನೆಲ್ಲ ಬಿಡಿಸಿ ಹೇಳಿದ, ಪುಸ್ತಕದಷ್ಟು ದಪ್ಪದ ವರದಿಯನ್ನು ಹೊರತಂದರು. ಆ ಕಾಲದಲ್ಲಿ ಸೆಂಟ್ರಲ್ ಪಾರ್ಕು ಹಾಳುಬಿದ್ದಿತ್ತು. ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಹುಟ್ಟಿದ್ದೇ 1980ರಲ್ಲಿ. ಹುಲ್ಲು ಈಗಷ್ಟೇ ಚಿಗುರುತ್ತಿರುವಾಗ ಸಾವಿರಾರು ಗುಂಡಿ ತೋಡುತ್ತೇವೆ ಎಂದು ಯಾರೋ ಬಂದು ನಿಂತರೆ ಕಾವಲಿಗಿರುವವರು ಏನು ಹೇಳಬೇಕು? ಕಲಾವಿದರು ಹೀರೊಗಳು, ಅಧಿಕಾರಿಗಳು ಖಳರು ಎಂದು ಈ ಕಥೆಯನ್ನು ಹೇಳುವ ರೂಢಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. 1981ರ ‘ಇಲ್ಲ’ ನ್ಯಾಯವಾದ ‘ಇಲ್ಲ’.

ಮುಂದೆ ಆದದ್ದು ನೋಡಿ. ದಂಪತಿ ಮುನಿಸಿಕೊಂಡು ಹೋಗಲಿಲ್ಲ, ಯೋಜನೆಯನ್ನೇ ತಿದ್ದಿದರು. ಗುಂಡಿ ತೋಡುವುದನ್ನು ಪೂರ್ತಿ ಕೈಬಿಟ್ಟರು. ದ್ವಾರಗಳ ಸಂಖ್ಯೆ ಇಳಿಸಿದರು. ಒಂದೊಂದು ಕಂಬವನ್ನೂ ನಡೆದಾರಿಯ ಮೇಲೆ ಇಟ್ಟ ಭಾರಿ ಉಕ್ಕಿನ ತಳದ ಮೇಲೆ ನಿಲ್ಲಿಸುವುದು, ತಳ ತನ್ನ ತೂಕದಿಂದಲೇ ಗಾಳಿಯನ್ನು ತಡೆಯುವುದು ಎಂದಾಯಿತು. ಕಾಲವನ್ನೂ ಬದಲಿಸಿದರು. ಮೊದಲು ಶರತ್ಕಾಲವಿತ್ತು, ಆಮೇಲೆ ಫೆಬ್ರುವರಿ. ಚಳಿಗಾಲದಲ್ಲಿ ಎಲೆಗಳಿರುವುದಿಲ್ಲ, ಬೋಳು ಕೊಂಬೆಗಳ ನಡುವಿನಿಂದ ಕೇಸರಿ ಬಟ್ಟೆ ದೂರದವರೆಗೂ ಕಾಣುತ್ತದೆ. ಅಂದರೆ ಪಾರ್ಕನ್ನು ಕಾಪಾಡಲು ಮಾಡಿದ ತಿದ್ದುಪಡಿಯೇ ಕೃತಿಯನ್ನು ಚೆಲುವಾಗಿಸಿತು! ಕಲಾವಿದ ಮಿತ್ರರೆ, ನಿಮ್ಮ ಅರ್ಜಿ ವಾಪಸು ಬಂದಾಗ ಇದನ್ನು ನೆನಪಿಸಿಕೊಳ್ಳಿ.

2003ರಲ್ಲಿ ಒಪ್ಪಿಗೆ ಸಿಕ್ಕಿತು. 2005ರ ಫೆಬ್ರುವರಿ 12ರ ಬೆಳಗ್ಗೆ ಬಟ್ಟೆಗಳು ಬಿಚ್ಚಿಕೊಂಡವು. ಒಟ್ಟು 7,503 ದ್ವಾರಗಳು, ಸುಮಾರು 37 ಕಿಲೋಮೀಟರ್ ನಡೆದಾರಿ. 2 ಕೋಟಿ ಡಾಲರಿಗೂ ಮೀರಿದ ಖರ್ಚನ್ನು ಕಲಾವಿದರೇ ತಮ್ಮ ಚಿತ್ರಗಳನ್ನು, ಕರಡುಗಳನ್ನು ಮಾರಿ ಭರಿಸಿದರು. ಗಾಳಿ ಬೀಸಿದಾಗ ಬಟ್ಟೆ ಮೇಲಿನ ಅಡ್ಡಪಟ್ಟಿಗೆ ಸುತ್ತಿಕೊಳ್ಳುತ್ತಿತ್ತು. ಅದನ್ನು ಬಿಡಿಸಲೆಂದೇ ಕೆಲಸಗಾರರು ಪಾರ್ಕಿನ ತುಂಬ ಓಡಾಡುತ್ತಿದ್ದರು, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ಒಂದು ಟೆನಿಸ್ ಚೆಂಡು. ಬಟ್ಟೆ ಹರಿಯಬಾರದಲ್ಲ! ಅಷ್ಟು ದೊಡ್ಡ ಕೃತಿ ನಿಂತದ್ದು ಟೆನಿಸ್ ಚೆಂಡಿನ ನಂಬಿಕೆಯ ಮೇಲೆ. ಅವರೇ ಅದೇ ಬಟ್ಟೆಯ ಚಿಕ್ಕ ಚಿಕ್ಕ ಚೌಕಗಳನ್ನು ನೋಡಲು ಬಂದವರಿಗೆ ಪುಕ್ಕಟೆ ಹಂಚುತ್ತಿದ್ದರು. ಚೂರು ಸಿಕ್ಕವರು ದ್ವಾರವನ್ನು ಕತ್ತರಿಸಲು ಹೋಗುವುದಿಲ್ಲ. ಕಾವಲಿಗೆ ಇದಕ್ಕಿಂತ ಪ್ರೀತಿಯ ಉಪಾಯ ನನಗಂತೂ ಹೊಳೆಯುವುದಿಲ್ಲ.

ಹದಿನಾರು ದಿನ ಅಷ್ಟೆ. ಜನ ಲಕ್ಷಾಂತರವಾಗಿ ಬಂದರು, ಇನ್ನಷ್ಟು ದಿನ ಇಟ್ಟಿದ್ದರೂ ಬರುತ್ತಿದ್ದರು. ಆದರೂ ಹೇಳಿದ ದಿನಕ್ಕೆ ಬಿಚ್ಚಿದರು. ಉಕ್ಕು, ಕಂಬ, ಬಟ್ಟೆ ಎಲ್ಲ ಮರುಬಳಕೆಗೆ ಹೋದವು. ತೆಗೆಯುವ ದಿನವೇ ಈ ಯೋಜನೆಗೆ ಬಾಗಿಲು ತೆರೆಸಿತು ಎಂದು ನಾನು ಹೇಳುತ್ತೇನೆ. ಶಾಶ್ವತವಾಗಿ ಏಳೂವರೆ ಸಾವಿರ ದ್ವಾರ ನಿಲ್ಲಿಸುತ್ತೇವೆ ಎಂದಿದ್ದರೆ ಯಾವ ಊರು ತಾನೆ ಒಪ್ಪೀತು?

ಈಗ ನೆಲದ ಮಾತು. ಪ್ರದರ್ಶನ ರೂಪಿಸುವ ಕ್ಯುರೇಟರುಗಳ ಟಿಪ್ಪಣಿಗಳಲ್ಲಿ ಬೆಳಕು, ನೋಟ, ಸಂವಾದ ಎಲ್ಲ ಇರುತ್ತದೆ, ಮಣ್ಣು ಮಾತ್ರ ಇರುವುದಿಲ್ಲ. ಒಂದು ಪಾರ್ಕಿನಲ್ಲಿ ಪ್ರದರ್ಶನ ಮುಗಿದ ಮೇಲೆ ಮಾಲಿಯೊಬ್ಬರು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಶಿಲ್ಪಗಳನ್ನು ಒಯ್ಯಲು ಲಾರಿ ಬಂದದ್ದು ಮಳೆಯ ಮರುದಿನ. ಚಕ್ರದ ಗುರುತು ದೊಡ್ಡ ಮರವೊಂದರ ನೆರಳಿನಲ್ಲೇ ಹಾದುಹೋಗಿತ್ತು. ಅವರು ಕೈಯಲ್ಲಿದ್ದ ಕಬ್ಬಿಣದ ಸಲಾಕೆಯನ್ನು ಹುಲ್ಲಿನ ಕಡೆ ಒತ್ತಿದರು, ಗೇಣುದ್ದ ಸಲೀಸಾಗಿ ಇಳಿಯಿತು. ಅದನ್ನೇ ಚಕ್ರದ ಜಾಡಿನಲ್ಲಿ ಒತ್ತಿದರು. ಬೆರಳುದ್ದವೂ ಹೋಗಲಿಲ್ಲ. “ಸಾರ್, ಹುಲ್ಲು ಹಾಕಿ ಮುಚ್ಚಿಬಿಡಬಹುದು, ಆದರೆ ಈ ಮರ ಉಸಿರು ಕಟ್ಟಿದ್ದು ನಿಮಗೆ ಗೊತ್ತಾಗೋದು ಎರಡು ಮೂರು ವರ್ಷ ಆದ ಮೇಲೆ” ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ನೀರು, ಗಾಳಿ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ 30 ಸೆಂಟಿಮೀಟರಿನೊಳಗೇ ಇರುತ್ತವೆ, ಕೊಂಬೆಗಳ ಹರಹನ್ನು ಮೀರಿ ಹಬ್ಬಿರುತ್ತವೆ. ಮಣ್ಣಿನ ಕಣಗಳ ನಡುವಿನ ಸಂದುಗಳು ಒತ್ತಿ ಮುಚ್ಚಿಹೋದರೆ ಗಾಳಿ ಇಲ್ಲ, ನೀರು ಇಳಿಯುವುದಿಲ್ಲ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಬೇಗ ಗಟ್ಟಿಯಾಗುತ್ತದೆ. ನಾವು ಭಯಪಡುವುದು ಶಿಲ್ಪದ ತೂಕಕ್ಕೆ. ಆದರೆ ಶಿಲ್ಪ ಒಂದು ಕಡೆ ಕೂತಿರುತ್ತದೆ, ಲಾರಿ, ಕ್ರೇನು ಹತ್ತು ಕಡೆ ಓಡಾಡುತ್ತವೆ. ಬ್ರಿಟನ್ನಿನಲ್ಲಿ ಕಟ್ಟಡ ಕಟ್ಟುವವರಿಗೆ ಒಂದು ಲೆಕ್ಕ ಇದೆ: ಕಾಂಡದ ಅಡ್ಡಳತೆಯ ಹನ್ನೆರಡು ಪಟ್ಟು ದೂರದವರೆಗೆ ಬೇರಿನ ರಕ್ಷಣಾ ವಲಯ. ಅರ್ಧ ಮೀಟರ್ ದಪ್ಪದ ಮರಕ್ಕೆ ಸುತ್ತ ಆರು ಮೀಟರ್. ಕಟ್ಟಡಕ್ಕೆ ಇರುವ ಎಚ್ಚರ ಕಲೆಗೆ ಯಾಕೆ ಬೇಡ? ಚಕ್ರ ಹೋಗುವಲ್ಲಿ ದಪ್ಪಗೆ ಮರದ ಚೂರು ಹರಡಿ ಮೇಲೆ ಹಲಗೆ ಹಾಸಿದರೆ ಭಾರ ಹಂಚಿಹೋಗುತ್ತದೆ. ಮಳೆ ಬಂದರೆ ಎರಡು ದಿನ ಕಾಯಬೇಕು. ಕಾಯುವುದಕ್ಕೆ ದುಡ್ಡು ಬೇಕು, ಕ್ರೇನಿನ ಬಾಡಿಗೆ ಓಡುತ್ತಿರುತ್ತದೆ. ಆ ದುಡ್ಡು ಮೊದಲ ಕಾಗದದಲ್ಲಿ ಇರಲಿ ಎಂದೇ ನಾನು ಅಂಗಲಾಚುತ್ತಿರುವುದು. ಉದ್ಘಾಟನೆಯ ವೇದಿಕೆಗೆ ಹಣ ಎಲ್ಲಿಂದಾದರೂ ಬರುತ್ತದೆ, ಪ್ರದರ್ಶನ ಮುಗಿದ ಮರುದಿನದ ಕೆಲಸಕ್ಕೆ ಪ್ರಾಯೋಜಕರು ಸಿಗುವುದಿಲ್ಲ.

ಹಾಗಾದರೆ ಜನಕ್ಕೆ ಇಷ್ಟವಾದದ್ದನ್ನೂ ತೆಗೆಯಬೇಕೇ ಎಂದು ಮೊನ್ನೆ ಪೂರ್ವಸಿದ್ಧತೆಯ ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ 1977ರಿಂದ ಹತ್ತು ವರ್ಷಕ್ಕೊಮ್ಮೆ ಊರಿನ ಬೀದಿ, ಪಾರ್ಕುಗಳಲ್ಲಿ ಶಿಲ್ಪ ಪ್ರದರ್ಶನ ನಡೆಯುತ್ತದೆ. ಮೊದಲ ಸಲ ಕ್ಲಾಸ್ ಓಲ್ಡನ್‌ಬರ್ಗ್ ಕೆರೆಯ ಪಕ್ಕದ ಹುಲ್ಲಿನ ಮೇಲೆ ಮೂರು ಭಾರಿ ಕಾಂಕ್ರೀಟ್ ಚೆಂಡುಗಳನ್ನು ಇಟ್ಟರು, ಒಂದೊಂದೂ ಮೂರೂವರೆ ಮೀಟರ್ ಅಡ್ಡಳತೆ. ಕೆಲವರಿಗೆ ಎಷ್ಟು ಸಿಟ್ಟು ಬಂತೆಂದರೆ, ಅವನ್ನು ಕೆರೆಗೆ ಉರುಳಿಸಲು ಹೆಗಲು ಕೊಟ್ಟರು! ಕಾಂಕ್ರೀಟು ಕದಲಲಿಲ್ಲ. ಇವತ್ತು ಆ ಚೆಂಡುಗಳು ಅಲ್ಲೇ ಇವೆ, ಊರಿನ ಗುರುತಾಗಿವೆ. ಆ ಸಾಲಿನ ಪ್ರದರ್ಶನಗಳ ಇನ್ನೂ ಹಲವು ಕೃತಿಗಳು ಊರಿನಲ್ಲಿ ಉಳಿದಿವೆ, ಮಿಕ್ಕವು ಹೊರಟುಹೋದವು. ಉಳಿಸಿಕೊಳ್ಳುವುದು ಬೇರೆಯೇ ನಿರ್ಧಾರ, ಕೃತಿಯ ಜೊತೆ ಬಾಳಿ ನೋಡಿದ ಮೇಲೆ ಮಾಡುವ ನಿರ್ಧಾರ. ಬ್ಯಾಟರ್‌ಸೀಯಲ್ಲೂ ಹೆನ್ರಿ ಮೂರ್‌ ಅವರ ಮೂರು ನಿಂತ ಆಕೃತಿಗಳು ಹಾಗೇ ಉಳಿದುಕೊಂಡವು.

ಇದರ ಎದುರು ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’ ಇಟ್ಟು ನೋಡಿ. 1981ರಲ್ಲಿ ನ್ಯೂಯಾರ್ಕಿನ ಸರ್ಕಾರಿ ಕಚೇರಿಗಳ ಮುಂದಿನ ಬಯಲಿನಲ್ಲಿ 36 ಮೀಟರ್ ಉದ್ದದ ಉಕ್ಕಿನ ಗೋಡೆ, ಶಾಶ್ವತವಾಗಿ ಎಂದೇ ಇಟ್ಟದ್ದು. ದಿನಾ ಆ ಬಯಲು ದಾಟುವ ನೌಕರರು ತಕರಾರು ಎತ್ತಿದರು, ವಿಚಾರಣೆ ನಡೆಯಿತು, ಕೋರ್ಟಿನವರೆಗೂ ಹೋಯಿತು. ಬೇರೆಡೆ ಸಾಗಿಸಿದರೆ ಕೃತಿಯೇ ಸತ್ತಂತೆ ಎಂದು ಸೆರಾ ಪಟ್ಟು ಹಿಡಿದರು. 1989ರ ಒಂದು ರಾತ್ರಿ ಅದನ್ನು ತುಂಡು ಮಾಡಿ ಒಯ್ದರು. ನನಗೆ ಆ ಕೃತಿ ಇಷ್ಟ, ಅದನ್ನು ಕತ್ತರಿಸಿದ್ದು ಇವತ್ತಿಗೂ ಸಂಕಟ ತರುತ್ತದೆ. ಆದರೆ ಆ ಜಗಳದಲ್ಲಿ ಯಾರಿಗೂ ಹೊರಬರುವ ದಾರಿ ಇರಲಿಲ್ಲ, ಏಕೆಂದರೆ ಮುಗಿಯುವ ದಿನವೇ ಇರಲಿಲ್ಲ. ಒಂದು ವರ್ಷಕ್ಕೆ ಎಂದು ಇಟ್ಟಿದ್ದರೆ ಸಿಟ್ಟಾದವರು ಒಂದು ವರ್ಷ ಕಾಯುತ್ತಿದ್ದರು. ಕೆಲವರಿಗಾದರೂ ಅಷ್ಟರಲ್ಲಿ ಅದು ಹಿಡಿಸುತ್ತಿತ್ತೇನೊ, ಮ್ಯೂನ್‌ಸ್ಟರ್‌ನಲ್ಲಿ ಆದ ಹಾಗೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನೂ ಎರಡು ವಿಷಯ ಇದ್ದವು, ಒಂದೊಂದು ಮಾತಿನಲ್ಲಿ ಹೇಳುತ್ತೇನೆ. ಆಯ್ಕೆ ಸಮಿತಿಯಲ್ಲಿ ಆ ಪಾರ್ಕಿಗೆ ದಿನಾ ಬರುವವರೊಬ್ಬರು ಮತ್ತು ಅಲ್ಲಿಯ ಮಾಲಿಯೊಬ್ಬರು ಇರಬೇಕು, ಅತಿಥಿಗಳಾಗಿ ಅಲ್ಲ, ಮತ ಹಾಕುವ ಸದಸ್ಯರಾಗಿ. ಎರಡನೆಯದು, ಪ್ರಾಯೋಜಕರ ಹೆಸರಿನ ಫಲಕ ಕೃತಿಗಿಂತ ದೊಡ್ಡದಾಗಬಾರದು. ಇದರ ಬಗ್ಗೆ ಬೇಕಾದಷ್ಟು ಹೇಳುವುದಿತ್ತು, ಊಟದ ಹೊತ್ತಿಗೆ ಮಾತಾಡೋಣ.

ತೆಗೆದ ಮೇಲಿನ ಕೆಲಸವೂ ಕೃತಿಯೇ ಆಗಬಹುದು ಎಂಬುದಕ್ಕೆ ಒಂದು ಉದಾಹರಣೆ ಹೇಳಿ ನಿಲ್ಲಿಸುತ್ತೇನೆ. 2021ರಲ್ಲಿ ಕಲಾವಿದೆ ಮಾಯಾ ಲಿನ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನ ಹುಲ್ಲಿನ ಮೇಲೆ 49 ಒಣಗಿದ ಸೀಡರ್ ಮರಗಳನ್ನು ನಿಲ್ಲಿಸಿದರು. ನ್ಯೂಜೆರ್ಸಿಯ ಪೈನ್ ಬ್ಯಾರನ್ಸ್‌ನಲ್ಲಿ ಉಪ್ಪುನೀರು ನುಗ್ಗಿ ಹಾಳಾದ ಕಾಡಿನಿಂದ ತಂದ ಮರಗಳು ಅವು. ಸುತ್ತ ಪಾರ್ಕಿನ ಮರಗಳು ಹಸಿರು, ಬೇಸಿಗೆಯಿಡೀ ಇವು ಬೂದು ಬಣ್ಣದಲ್ಲಿ ನಿಂತಿದ್ದವು. ನವೆಂಬರಿನಲ್ಲಿ ಇಳಿಸಿದರು. ಆ ಮರವನ್ನು ದೋಣಿ ಕಟ್ಟಲು ಕಲಿಯುತ್ತಿರುವ ಹದಿಹರೆಯದ ಮಕ್ಕಳಿಗೆ ಕೊಟ್ಟರು. ಯೋಜನೆಯ ಭಾಗವಾಗಿ ನಗರದ ಬೇರೆ ಬೇರೆ ಕಡೆ ಸಾವಿರ ಗಿಡಮರಗಳನ್ನೂ ನೆಟ್ಟರು. ಇದೆಲ್ಲ ಪ್ರದರ್ಶನದ ಲೆಕ್ಕದೊಳಗೇ ಬಂದ ಕೆಲಸ.

ಮಧ್ಯಾಹ್ನದ ಗೋಷ್ಠಿಯಲ್ಲಿ ಕರಡು ನಿಯಮಗಳ ಚರ್ಚೆ ಇದೆ. ಅರ್ಜಿ ನಮೂನೆಯಲ್ಲಿ ‘ಉದ್ಘಾಟನೆಯ ದಿನಾಂಕ’ ಎಂಬ ಸಾಲಿನ ಮೇಲೆ ‘ನೆಲವನ್ನು ಮರಳಿ ಒಪ್ಪಿಸುವ ದಿನಾಂಕ’ ಎಂಬ ಸಾಲನ್ನು ಸೇರಿಸಬೇಕು, ಅದಕ್ಕೆ ತಕ್ಕ ಠೇವಣಿಯನ್ನು ಮೊದಲೇ ಕಟ್ಟಿಸಿಕೊಳ್ಳಬೇಕು, ಠೇವಣಿ ಹಿಂತಿರುಗಿಸುವ ಮೊದಲು ಮಾಲಿಯ ಸಹಿ ಬೇಕು ಎಂದು ಲಿಖಿತವಾಗಿ ತಿದ್ದುಪಡಿ ಕೊಟ್ಟಿದ್ದೇನೆ. ಸೂಚಕನಾಗಿ ನನ್ನ ಹೆಸರಿದೆ. ಅನುಮೋದಿಸುವವರು ಒಬ್ಬರು ಬೇಕು, ಊಟಕ್ಕೆ ಏಳುವ ಮೊದಲು ದಯವಿಟ್ಟು ಸಹಿ ಹಾಕಿಕೊಡಿ. ನಮಸ್ಕಾರ.